ಅಡಿಕೆ ಸುಲಿಯುವ ರಾತ್ರಿಗಳಿಗೆ ಯಾವ ಹೊಸ ಪುಸ್ತಕಗಳನ್ನು ಆರಿಸಿಕೊಳ್ಳಲಿ?

ಹೊಸನಗರದ ಓದುಗಿ:
ಎಲ್ಲರಿಗೂ ನಮಸ್ಕಾರ. ಭೂಮಿ ಹುಣ್ಣಿಮೆ ಕಳೆದು ಅಡಿಕೆ ಕೊಯ್ಲು ಶುರುವಾದರೆ, ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿರುವಾಗ ಒಬ್ಬರು ಪುಸ್ತಕವನ್ನು ಗಟ್ಟಿಯಾಗಿ ಓದುವುದು ನಡೆದುಬಂದ ಪದ್ಧತಿ. ಕಳೆದ ವರ್ಷ ಬಹಳ ಹೊಗಳಿಕೆ ಕೇಳಿ ತರಿಸಿದ ದಪ್ಪ ಕಾದಂಬರಿಯೊಂದನ್ನು ನಲವತ್ತನೆಯ ಪುಟಕ್ಕೇ ಕೈಬಿಡಬೇಕಾಯಿತು, ಏಕೆಂದರೆ ನಡುವೆ ಎದ್ದು ಹೋಗಿ ಬಂದವರಿಗೆ ಕಥೆಯ ಎಳೆ ಸಿಗುತ್ತಿರಲಿಲ್ಲ. ನಮ್ಮ ಅತ್ತೆಯವರ ತವರೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದು, ಮುಳುಗಡೆಯ ಕಥೆ ಹೇಳುವ ನಾ. ಡಿಸೋಜ ಅವರ ಕಾದಂಬರಿ ‘ದ್ವೀಪ’ವನ್ನು ಎರಡು ಬಾರಿ ಓದಿಸಿ ಕೇಳಿದ್ದಾರೆ. ಈ ಸಲ ಮಾತ್ರ, ಈಗಿನವರು ಏನು ಬರೆಯುತ್ತಿದ್ದಾರೆಂದು ಕೇಳಬೇಕು ಎನ್ನುತ್ತಾರೆ. ನನ್ನ ಬಳಿ 1,200 ರೂಪಾಯಿ ಇದೆ. ಹೊಸ ಪುಸ್ತಕಗಳನ್ನು ಯಾವ ಆಧಾರದ ಮೇಲೆ ಆರಿಸಬೇಕೆಂದು ದಯವಿಟ್ಟು ತಿಳಿಸಿ.

ಸಾಗರದ ನಿವೃತ್ತ ಅಧ್ಯಾಪಕ:
ನಿಮ್ಮ ಮನೆಯ ಪದ್ಧತಿ ಕೇಳಿ ಬಹಳ ಸಂತೋಷವಾಯಿತು, ತಂಗಿ. ನಿಮ್ಮ ಆಯ್ಕೆಯನ್ನು ಕಣ್ಣಿಗಿಂತ ಕಿವಿಗೆ ಬಿಡಿ. ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟವನ್ನು ಗಟ್ಟಿಯಾಗಿ ಓದಿದಾಗ ಉಸಿರು ತಡವರಿಸದೆ, ಯಾರು ಯಾರೊಡನೆ ಮಾತನಾಡುತ್ತಿದ್ದಾರೆಂದು ಕೇಳುವವರಿಗೆ ಹೇಳಬೇಕಾಗದೆ ಮಾತು ಮುಂದೆ ಸಾಗಿದರೆ ಆ ಪುಸ್ತಕ ನಿಮ್ಮ ಜಗಲಿಗೆ ಹೊಂದುತ್ತದೆ. ಒಂದು ರಾತ್ರಿಗೆ ಒಂದು ಕಥೆ ಮುಗಿಯುವುದರಿಂದ ಕಥಾಸಂಕಲನಗಳು ನಿಮಗೆ ಹೆಚ್ಚು ಅನುಕೂಲ. ಹೊಸ ಕತೆಗಾರರನ್ನು ಗುರುತಿಸಲು ನನಗೆ ತಿಳಿದ ನಂಬಿಕೆಯ ದಾರಿಯೆಂದರೆ ದೀಪಾವಳಿ ವಿಶೇಷಾಂಕಗಳು: ‘ಪ್ರಜಾವಾಣಿ’ಯ ಕಥಾಸ್ಪರ್ಧೆಯಲ್ಲಿ ಬಹುಮಾನ ಪಡೆದ ಕಥೆಗಳನ್ನು ಓದಿ, ಮನಸ್ಸಿಗೆ ಹಿಡಿದ ಬರಹಗಾರರ ಹೆಸರನ್ನು ಬರೆದಿಟ್ಟುಕೊಂಡು, ಅವರ ಸಂಕಲನ ಬಂದಿದೆಯೇ ಎಂದು ವಿಚಾರಿಸುತ್ತೇನೆ. ಛಂದ ಪುಸ್ತಕ ಪ್ರಕಾಶನವು ಹೊಸಬರ ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪ್ರಕಟಿಸುತ್ತ ಬಂದಿದೆ, ಅದನ್ನೂ ಗಮನಿಸಿ.

ಶಿವಮೊಗ್ಗದ ಪುಸ್ತಕದಂಗಡಿಯಿಂದ:
ಅಧ್ಯಾಪಕರ ಮಾತಿಗೆ ಒಂದೆರಡು ವಿಷಯ ಸೇರಿಸುತ್ತೇನೆ. ಹೊಸ ಮುಖಪುಟ ಕಂಡ ಮಾತ್ರಕ್ಕೆ ಹೊಸ ಪುಸ್ತಕವೆಂದು ತಿಳಿಯಬೇಡಿ. ಒಳಗಿನ ಮುದ್ರಣ ವಿವರದ ಪುಟದಲ್ಲಿ ಮೊದಲ ಮುದ್ರಣದ ವರ್ಷವನ್ನು ನೋಡಿ. ಆದರೆ ವರ್ಷವೊಂದನ್ನೇ ಹಿಡಿದುಕೊಳ್ಳುವುದೂ ಸರಿಯಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಪ್ರಶಸ್ತಿ ಪಡೆದ ಇಂಗ್ಲಿಷ್ ಅನುವಾದದಲ್ಲಿದ್ದ ಅವರ 12 ಕಥೆಗಳು 1990ರಿಂದ 2023ರವರೆಗಿನ ಅವಧಿಯವು. ಅವರನ್ನು ಅದುವರೆಗೆ ಓದದವರಿಗೆ ಅವೆಲ್ಲವೂ ಹೊಸವೇ ಆಗಿದ್ದವು. ಇನ್ನು ಖರೀದಿಯ ಮಾತು. ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಸಾವಿರದಷ್ಟು ಪ್ರತಿಗಳಲ್ಲಿ, ಕೆಲವೊಮ್ಮೆ ಅದಕ್ಕೂ ಕಡಿಮೆ ಅಚ್ಚಾಗುವುದರಿಂದ, ಬೇಕಾದ ಪುಸ್ತಕವನ್ನು ಅಂಗಡಿಯಲ್ಲಿ ಮೊದಲೇ ಹೇಳಿಡುವುದು ಒಳ್ಳೆಯದು. ರಾಜ್ಯೋತ್ಸವದ ತಿಂಗಳಲ್ಲಿ ಹಲವು ಪ್ರಕಾಶಕರು ರಿಯಾಯಿತಿ ಕೊಡುತ್ತಾರೆ. ಈಗ ಎರಡನ್ನು ಮಾತ್ರ ಕೊಂಡು ಉಳಿದ ಹಣವನ್ನು ನವೆಂಬರಿಗೆ ಇಟ್ಟುಕೊಳ್ಳಿ.

ತೀರ್ಥಹಳ್ಳಿಯ ಓದುಗ:
ಕಾದಂಬರಿಯನ್ನು ಪೂರ್ತಿಯಾಗಿ ಬಿಟ್ಟುಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ತೊಡಕಿರುವುದು ದಪ್ಪದಲ್ಲಲ್ಲ, ಅಧ್ಯಾಯಗಳ ಕಟ್ಟಿನಲ್ಲಿ. ಹತ್ತು ಹನ್ನೆರಡು ಪುಟಗಳ ಅಧ್ಯಾಯಗಳಿದ್ದು, ಪ್ರತಿಯೊಂದೂ ಒಂದು ಘಟನೆಯನ್ನು ಮುಗಿಸುವಂತಿದ್ದರೆ, ನಿನ್ನೆ ಏನಾಯಿತೆಂದು ಅತ್ತೆಯವರೇ ಉಳಿದವರಿಗೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಹೀಗೆಯೇ ಹೇಳುತ್ತಿದ್ದರು. ಹೆಗ್ಗೋಡು ನಿಮಗೆ ದೂರವಲ್ಲದಿದ್ದರೆ ಅಕ್ಷರ ಪ್ರಕಾಶನದ ಪುಸ್ತಕಗಳನ್ನು ಅಲ್ಲಿಯೇ ಕೈಯಲ್ಲಿ ಹಿಡಿದು ನೋಡಿ.

ಹೊಸನಗರದ ಓದುಗಿ:
ಎಲ್ಲರಿಗೂ ಕೃತಜ್ಞತೆಗಳು. ಒಂದು ಕಾದಂಬರಿ, ಎರಡು ಕಥಾಸಂಕಲನ ಎಂದು ನಿಶ್ಚಯಿಸಿದ್ದೇನೆ. ಸೋಮವಾರ ಅತ್ತೆಯವರೊಂದಿಗೆ ಶಿವಮೊಗ್ಗಕ್ಕೆ ಬರುವವಳಿದ್ದೇನೆ. ಅಂಗಡಿಯಲ್ಲೇ ಒಂದೊಂದು ಪುಟವನ್ನು ಅವರಿಗೆ ಓದಿ ಹೇಳಬಹುದೇ?

ಶಿವಮೊಗ್ಗದ ಪುಸ್ತಕದಂಗಡಿಯಿಂದ:
ಅಗತ್ಯವಾಗಿ ಓದಿ. ಹನ್ನೊಂದು ಗಂಟೆಯ ಒಳಗೆ ಬಂದರೆ ಜನ ಕಡಿಮೆ. ಅಮ್ಮನವರಿಗೆ ಕಿಟಕಿಯ ಬಳಿ ಕುರ್ಚಿ ಹಾಕಿಸಿರುತ್ತೇನೆ.