ಬರ್ತೀನಿ ಸರ್ ಅಂದರೆ, ಯಾವಾಗ ಅಂದರು

ಇಂಟರ್ನ್‌ಶಿಪ್ಪಿನ ಕೊನೆಯ ದಿನ ಗೈಡ್ ರೂಮಿನ ಬಾಗಿಲಲ್ಲಿ ನಿಂತು, ಬೆಳಗ್ಗೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ನಾಲ್ಕು ಸಾಲನ್ನೂ ಪೂರ್ತಿ ಮರೆತು, "ಸರಿ ಸರ್, ಬರ್ತೀನಿ" ಅಂದೆ. ಅವರು ಸ್ಕ್ರೀನಿನಿಂದ ಕಣ್ಣು ತೆಗೆಯದೆ "ಯಾವಾಗ?" ಅಂದರು.

ಏನು ಹೇಳಲಿ? ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಅಂತ ಚಿಕ್ಕಂದಿನಿಂದ ಬಾಯಿಗೆ ಅಂಟಿದ ಮಾತು. ಆದರೆ ಐಡಿ ಕಾರ್ಡ್ ವಾಪಸ್ ಕೊಟ್ಟು, ಲಾಗಿನ್ ಬಂದ್ ಆಗಿ, ಇನ್ನು ಮೇಲೆ ಗೇಟಿನೊಳಗೆ ಕಾಲಿಡಬೇಕಾದರೂ ಯಾರದಾದರೂ ಸಹಿ ಬೇಕಾಗಿರುವ ಮನುಷ್ಯ ಬರ್ತೀನಿ ಅಂದರೆ ಕೇಳಿದವರಿಗೆ ಗಾಬರಿ ಆಗುವುದೂ ನ್ಯಾಯವೇ. "ಸುಮ್ನೆ ಹಾಗಂದೆ ಸರ್" ಅಂದೆ. "ಓ" ಅಂದರು. ಎಂಟು ವಾರದ ಸಂಬಂಧ ಅಲ್ಲಿಗೆ ಮುಗಿಯಿತು.

ಸಂಜೆ ಲ್ಯಾಬ್ ಕಟ್ಟಡದ ಮೆಟ್ಟಿಲ ಮೇಲೆ ಕೂತು ಇದನ್ನು ಹೇಳಿದೆ. ನಾವು ನಾಲ್ಕು ಜನ. ಪಿಪೆಟ್, ಅಂದರೆ ಜೀವಶಾಸ್ತ್ರದವಳು, ಹನಿ ಲೆಕ್ಕದಲ್ಲಿ ದ್ರವ ಅಳೆಯುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಎರಡು ತಿಂಗಳಲ್ಲಿ ಅವಳ ಮೈಯಲ್ಲಿ ವ್ಯಾಯಾಮ ಆಗಿದ್ದು ಬಲಗೈ ಹೆಬ್ಬೆರಳಿಗೆ ಮಾತ್ರ. ಟೆಲಿಸ್ಕೋಪ್, ಖಗೋಳದವನು, ಅವನು ಇದುವರೆಗೆ ಟೆಲಿಸ್ಕೋಪ್ ನೋಡಿಲ್ಲ, ನೋಡಿದ್ದೆಲ್ಲ ಎಕ್ಸೆಲ್ ಶೀಟು. ಹಳಬ, ಕಳೆದ ವರ್ಷವೂ ಬಂದಿದ್ದವನು, ಹಾಗಾಗಿ ಎಲ್ಲದಕ್ಕೂ ಅವನದೊಂದು ಅನುಭವ ಇದ್ದೇ ಇರುತ್ತದೆ. ಮತ್ತೆ ನಾನು. ಮೈಕ್ರೋಸ್ಕೋಪ್ ಫೋಟೋಗಳಲ್ಲಿ ಜೀವಕೋಶ ಎಣಿಸುವ ಪ್ರೋಗ್ರಾಂ ಬರೆಯಲು ಬಂದು, ಕೊನೆಗೆ ಕಣ್ಣಲ್ಲೇ ಎಣಿಸಿದವನು.

"ಎಂಟು ವಾರ ಅಂತ ಯಾಕೆ ಜಂಬ ಕೊಚ್ಚುತ್ತೀಯ?" ಅಂದ ಹಳಬ. "ಲೆಕ್ಕ ಹಾಕು. ಮೊದಲ ವಾರ ಐಡಿ ಕಾರ್ಡ್, ಲಾಗಿನ್, ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅನ್ನುವ ಟ್ರೇನಿಂಗ್. ಎರಡನೇ ವಾರ ಗೈಡ್ ಕೊಟ್ಟ ಹನ್ನೆರಡು ಪೇಪರ್ ಓದಿದ ಹಾಗೆ ನಟಿಸಿದ್ದು. ಮೂರನೇ ವಾರ ಸಾಫ್ಟ್‌ವೇರ್ ಇನ್‌ಸ್ಟಾಲ್. ಕೊನೆಯ ಎರಡು ವಾರ ಪೋಸ್ಟರ್ರು, ರಿಪೋರ್ಟು. ಉಳಿದದ್ದು ಮೂರು. ಅದರಲ್ಲಿ ಒಂದು ವಾರ ಗೈಡ್ ಕಾನ್ಫರೆನ್ಸಿಗೆ ಹೋಗಿದ್ದರು."

"ಆ ವಾರವೇ ಜಾಸ್ತಿ ಕೆಲಸ ಆಗಿದ್ದು" ಅಂದಳು ಪಿಪೆಟ್.

ಇದು ನಿಜ. ಆದರೂ ನನಗೆ ಸ್ವಲ್ಪ ಸಮಾಧಾನ ಇದೆ, ಯಾಕೆಂದರೆ ಒಂದು ಬೇಸಿಗೆಯಲ್ಲಿ ಮುಗಿಸಿಬಿಡುತ್ತೇವೆ ಅನ್ನುವ ಕಾಯಿಲೆ ನಮ್ಮಿಂದ ಶುರುವಾದದ್ದಲ್ಲ. ನನ್ನ ವಿಷಯದ ದೊಡ್ಡವರಿಗೇ ಇತ್ತು. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆ ಅಂತ ಹೆಸರಿಟ್ಟುಕೊಂಡು ಒಂದು ಯೋಜನೆ ನಡೆಯಿತು. ಹತ್ತು ಜನ, ಎರಡು ತಿಂಗಳು, ಇಷ್ಟು ಕೊಟ್ಟರೆ ಯಂತ್ರಕ್ಕೆ ಭಾಷೆ, ಯೋಚನೆ, ತನ್ನನ್ನು ತಾನೇ ತಿದ್ದಿಕೊಳ್ಳುವುದು ಇಂಥವುಗಳಲ್ಲಿ ಒಂದೆರಡರಲ್ಲಾದರೂ ದೊಡ್ಡ ಹೆಜ್ಜೆ ಇಡುತ್ತೇವೆ ಅಂತ ಅರ್ಜಿಯಲ್ಲಿ ಬರೆದಿದ್ದರು. ಅದಾದ ಹತ್ತು ವರ್ಷಕ್ಕೆ, 1966ರಲ್ಲಿ, ಅಮೆರಿಕದ್ದೇ ಎಂಐಟಿ ವಿಶ್ವವಿದ್ಯಾಲಯದ ಸೀಮೋರ್ ಪ್ಯಾಪರ್ಟ್ ಇನ್ನೂ ಧೈರ್ಯ ಮಾಡಿದರು. ಕಂಪ್ಯೂಟರಿಗೆ ಕಣ್ಣು ಕೊಡುವ ಕೆಲಸದ ಒಂದು ದೊಡ್ಡ ಪಾಲನ್ನು ಬೇಸಿಗೆ ಕೆಲಸಕ್ಕೆ ಬಂದವರ ಕೈಯಲ್ಲೇ ಮಾಡಿಸೋಣ ಅಂತ ಒಂದು ಮೆಮೊ ಬರೆದರು. ಜುಲೈನಲ್ಲಿ ಚೆಂಡು, ಇಟ್ಟಿಗೆ, ಸಿಲಿಂಡರ್ ಗುರುತಿಸಬೇಕು. ಆಗಸ್ಟ್‌ನಲ್ಲಿ ಸಿಗರೇಟ್ ಪ್ಯಾಕಿನಂಥ ಬರಹ, ಬಣ್ಣ ಇರುವ ಕಷ್ಟದ ವಸ್ತುಗಳು. ಮೆಮೊದ ತಾರೀಖು ನೋಡಿದರೆ ಜುಲೈ 7.

"ಅಂದರೆ ಜುಲೈನ ಒಂದು ವಾರ ಆಗಲೇ ಹೋಗಿತ್ತು" ಅಂದ ಟೆಲಿಸ್ಕೋಪ್, ತುಂಬ ಸಂಕಟದಿಂದ. ಅವನಿಗೆ ಗೊತ್ತು ಆ ನೋವು.

"ಮುಗಿಯಿತಾ ಅದು?" ಅಂತ ಕೇಳಿದಳು ಪಿಪೆಟ್.

"ನಾನು ಈ ಬೇಸಿಗೆಯಲ್ಲಿ ಜೀವಕೋಶಗಳನ್ನು ಬೆರಳಿಟ್ಟು ಎಣಿಸಿದ್ದೇನಲ್ಲ, ಅದರಲ್ಲೇ ಗೊತ್ತಾಗಲ್ವಾ?"

ಇಷ್ಟು ಹೊತ್ತಿಗೆ ಮಾತು ಥ್ಯಾಂಕ್ಸ್ ಮೇಲ್ ಕಡೆ ಹೊರಳಿತು. ಟೆಲಿಸ್ಕೋಪ್ ಒಂದು ಬರೆದಿಟ್ಟಿದ್ದ, ಕಳಿಸಿರಲಿಲ್ಲ. ಓದು ಅಂದೆವು. ತಮ್ಮ ಅಮೂಲ್ಯವಾದ ಮಾರ್ಗದರ್ಶನದಲ್ಲಿ ಅಂತ ಶುರುವಾಗಿ, ಮಧ್ಯದಲ್ಲಿ ವಿಶ್ವದ ವಿಸ್ತಾರ ಬಂದು, ಕೊನೆಗೆ ಚಿರಋಣಿ ಅಂತ ನಿಂತಿತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

"ಯಾರಾದರೂ ತೀರಿಕೊಂಡಿದ್ದಾರಾ?" ಅಂದಳು ಪಿಪೆಟ್.

"ಹಾಗೆ ಬರೆಯಬೇಡ ಮಾರಾಯ" ಅಂದ ಹಳಬ. "ಒಂದೇ ಒಂದು ನಿಜವಾದ ಸಂಗತಿ ಬರೆ. ಮೂರನೇ ವಾರ ನಿಮ್ಮ ಜೊತೆ ಕೂತು ಆ ಗ್ರಾಫ್ ತಿದ್ದಿದ್ದು ನೆನಪಿದೆ ಅಂತ ಬರೆ. ಅವರಿಗೂ ಆ ಗ್ರಾಫ್ ನೆನಪಾಗುತ್ತದೆ, ಗ್ರಾಫಿನ ಜೊತೆ ನೀನೂ ನೆನಪಾಗುತ್ತೀಯ. ಇಲ್ಲದಿದ್ದರೆ ನನ್ನ ಗತಿಯೇ. ಹೋದ ವರ್ಷ ಆರು ತಿಂಗಳಾದ ಮೇಲೆ ರೆಕಮೆಂಡೇಶನ್ ಲೆಟರ್ ಕೇಳಿದೆ. ಖಂಡಿತ ಕೊಡ್ತೀನಿ, ನೀನು ಕಿಟಕಿ ಪಕ್ಕ ಕೂರ್ತಿದ್ದವನಲ್ವಾ, ಅಂದರು."

"ಕಿಟಕಿ ಪಕ್ಕ ಕೂರ್ತಿದ್ದೆಯಾ?"

"ಇಲ್ಲ. ಆದರೂ ಹೌದು ಸರ್ ಅಂದೆ. ಲೆಟರ್ ಚೆನ್ನಾಗಿ ಬಂತು. ಯಾರೋ ತುಂಬ ಬುದ್ಧಿವಂತ ಇರಬೇಕು ಆ ಕಿಟಕಿಯವನು."

ಹಾಗಾಗಿ ಹಳಬನ ಸಲಹೆ ಏನೆಂದರೆ, ಲೆಟರ್ ವಿಷಯ ಹೊರಡುವ ಮೊದಲೇ ಎದುರಿಗೆ ಕೇಳಿಬಿಡಬೇಕು, ಏನೇನು ಮಾಡಿದೆ ಅಂತ ಒಂದು ಪುಟ ಬರೆದು ಕೈಗಿಡಬೇಕು. ಥ್ಯಾಂಕ್ಸ್ ಮೇಲ್‌ನಲ್ಲಿ ಕೇಳಬಾರದು, ಕೇಳಿದರೆ ಮೇಲಿನ ಥ್ಯಾಂಕ್ಸ್ ಎಲ್ಲ ಅದಕ್ಕೇ ಬರೆದ ಹಾಗೆ ಕಾಣುತ್ತದೆ. ನಾನು ಕೇಳಿರಲಿಲ್ಲ. ಯಾವಾಗ ಅಂದವರ ಹತ್ತಿರ ಮತ್ತೇನು ಕೇಳುವುದು!

ಪಿಪೆಟ್‌ಳದು ಬೇರೆಯೇ ಕಥೆ. ಅವಳಿಗೆ ಗೈಡ್ ಸಿಕ್ಕಿದ್ದೇ ಮೂರು ಸಲ, ಎಲ್ಲ ಕಲಿಸಿದ್ದು ಅದೇ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ, ಇವಳು ಅಕ್ಕ ಅಂತ ಕರೆಯುವವಳು. ಮೊದಲ ದಿನ ಇವಳು ಪಿಪೆಟ್ಟಿನ ಗುಂಡಿಯನ್ನು ಪೂರ್ತಿ ಒತ್ತಿ ದ್ರವ ಎಳೆದಳಂತೆ. ಅದರಲ್ಲಿ ಎರಡು ಹಂತ ಇರುತ್ತದೆ. ಮೊದಲನೆಯದರವರೆಗೆ ಒತ್ತಿ ಎಳೆಯಬೇಕು, ಎರಡನೆಯದು ಉಳಿದ ಹನಿಯನ್ನು ಹೊರಗೆ ತಳ್ಳಲು. ಇವಳು ಎರಡನೆಯದರವರೆಗೂ ಒತ್ತಿ ಎಳೆಯುತ್ತಿದ್ದದ್ದರಿಂದ ಪ್ರತಿ ಸಲವೂ ದ್ರವ ಜಾಸ್ತಿ. ಅಕ್ಕ ಬೈಯಲಿಲ್ಲ. ತಕ್ಕಡಿ ಮೇಲೆ ಒಂದು ಪುಟ್ಟ ಟ್ಯೂಬ್ ಇಟ್ಟು, 100 ಮೈಕ್ರೋಲೀಟರ್ ನೀರು ಹಾಕು, 100 ಮಿಲಿಗ್ರಾಂ ತೂಗಬೇಕು, ತೂಗುವವರೆಗೆ ಹಾಕುತ್ತಿರು ಅಂತ ಹೇಳಿ ಹೋದಳು. ಇಡೀ ಮಧ್ಯಾಹ್ನ ಇವಳು ನೀರು ತೂಗಿದಳು. 131, 124, 118. ಸಂಜೆ ಹೊತ್ತಿಗೆ ಸತತ ಹತ್ತು ಸಲ ನೂರರ ಆಸುಪಾಸು ಬಂದಾಗ ಹಿಂದೆ ತಿರುಗಿ ನೋಡಿದರೆ ಅಕ್ಕ ಅಲ್ಲೇ ನಿಂತಿದ್ದಳಂತೆ.

"ಇವತ್ತು ಏನು ಹೇಳಿದಳು?" ಅಂದೆ.

"ಏನೂ ಇಲ್ಲ. ನಾನು ಅಳಬಾರದು ಅಂತ ಅಂದುಕೊಂಡೇ ಹೋಗಿದ್ದೆ. ಅವಳು ನನ್ನ ಕೈಯಿಂದ ಪಿಪೆಟ್ ತೆಗೆದುಕೊಂಡು, ಅದರ ಅಳತೆಯನ್ನು ಅತಿ ಹೆಚ್ಚಿನದಕ್ಕೆ ತಿರುಗಿಸಿ, ಸ್ಟ್ಯಾಂಡಿಗೆ ನೇತುಹಾಕಿದಳು. ಹೊರಡುವಾಗ ಯಾವಾಗಲೂ ಹೀಗೆ ಬಿಟ್ಟು ಹೋಗು, ಸ್ಪ್ರಿಂಗಿಗೆ ಆರಾಮ ಸಿಗುತ್ತೆ, ಅಂದಳು."

"ಆಮೇಲೆ?"

"ಆಮೇಲೆ ಏನು, ಅತ್ತುಬಿಟ್ಟೆ."

ಯಾರೂ ನಗಲಿಲ್ಲ. ಟೆಲಿಸ್ಕೋಪ್ ಮಾತ್ರ ಸಂದರ್ಭ ತಿಳಿಯದೆ, "ಪ್ಲೇಟುಗಳನ್ನೆಲ್ಲ ತೊಳೆದು ಬಂದೆಯಾ? ತೊಳೆಯಬಾರದಿತ್ತು ಕಣೇ" ಅಂದ. ಅವನ ವಾದ ಏನಂದರೆ, 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬ್ಯಾಕ್ಟೀರಿಯಾ ಬೆಳೆಸಿದ್ದ ಪ್ಲೇಟುಗಳನ್ನು ಹಾಗೇ ಬಿಟ್ಟು ರಜೆಗೆ ಹೋದರು, ಸೆಪ್ಟೆಂಬರಿನಲ್ಲಿ ವಾಪಸ್ ಬಂದು ನೋಡಿದರೆ ಒಂದರಲ್ಲಿ ಬೂಷ್ಟು, ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಇಲ್ಲ, ಅಲ್ಲಿಂದಲೇ ಪೆನ್ಸಿಲಿನ್. ಶುಚಿಯಾಗಿ ತೊಳೆದು ಹೊರಟಿದ್ದರೆ?

"ಫ್ಲೆಮಿಂಗ್ ವಾಪಸ್ ಬಂದರು, ಅದು ಅವರದೇ ಲ್ಯಾಬು" ಅಂದಳು ಪಿಪೆಟ್, ಕಣ್ಣೊರೆಸಿಕೊಂಡು. "ನಾನು ಬಿಟ್ಟು ಹೋದರೆ ಬೂಷ್ಟು ಸಿಗುವುದು ಅಕ್ಕನಿಗೆ. ಎಲ್ಲವನ್ನೂ 121 ಡಿಗ್ರಿ ಹಬೆಯಲ್ಲಿ ಬೇಯಿಸಿ ಎಸೆದೇ ಬಂದದ್ದು."

ಅವಳಿಗೆ ಉಳಿದ ಚಿಂತೆ ಒಂದೇ. ಮೈನಸ್ 80 ಡಿಗ್ರಿ ಫ್ರೀಜರಿನ ಕೆಳಗಿನ ತಟ್ಟೆಯಲ್ಲಿ ಅವಳ ಒಂದು ಡಬ್ಬಿ ಇದೆ. ಮೊದಲ ತಿಂಗಳ ಟ್ಯೂಬುಗಳ ಮೇಲೆ ಮಾರ್ಕರಿನಲ್ಲಿ ಬರೆದಿದ್ದಳು, ಕೈಗವಸಿಗೆ ಹಚ್ಚಿದ ಆಲ್ಕೋಹಾಲ್ ತಗುಲಿ ಅಕ್ಷರ ಅರ್ಧ ಅಳಿಸಿಹೋಗಿದೆ. ಒಂದರ ಮೇಲೆ ಬರೀ ನಕ್ಷತ್ರದ ಗುರುತು ಉಳಿದಿದೆ. ಯಾಕೆ ನಕ್ಷತ್ರ ಹಾಕಿದ್ದಳೋ ಅವಳಿಗೇ ನೆನಪಿಲ್ಲ. ಮುಖ್ಯ ಅಂತಲೋ, ಹಾಳಾಗಿದೆ ಅಂತಲೋ. ನನ್ನ ಪ್ರಕಾರ ಜಗತ್ತಿನ ಎಲ್ಲ ಲ್ಯಾಬಿನ ಫ್ರೀಜರಿನಲ್ಲೂ ಇಂಥ ಒಂದು ನಕ್ಷತ್ರ ಇದ್ದೇ ಇರುತ್ತದೆ, ಅದನ್ನು ಎಸೆಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಟೆಲಿಸ್ಕೋಪ್‌ನ ಕಥೆಯೂ ಹತ್ತಿರ ಹತ್ತಿರ ಇದೇ. ಅವನ ಶೀಟಿನಲ್ಲಿ ಹನ್ನೊಂದು ಸಾಲು ಯಾವ ಲೆಕ್ಕಕ್ಕೂ ಕೂರುವುದಿಲ್ಲ. ಗೈಡ್ ಮೇಡಂ ಅಳಿಸು ಅಂದಿದ್ದಾರೆ. ಇವನು ಅಳಿಸಿಲ್ಲ, ಪಕ್ಕದಲ್ಲಿ "ಕಸ?" ಅಂತ ಬರೆದು ಬೇರೆ ಶೀಟಿಗೆ ಹಾಕಿದ್ದಾನೆ. ಕೇಳಿದರೆ ಜೋಸೆಲಿನ್ ಬೆಲ್ ಹೆಸರು ಹೇಳುತ್ತಾನೆ. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಚಾರ್ಟ್ ಕಾಗದವನ್ನು ಕಣ್ಣಲ್ಲೇ ನೋಡುತ್ತ, ಅದರಲ್ಲಿ ಬೆರಳಗಲದ ಒಂದು ಗೀಚನ್ನು ಕಸ ಅಂತ ಬಿಡದೆ ಹಿಂದೆ ಬಿದ್ದರು, ಅದೇ ಪಲ್ಸಾರ್, ಅಂದರೆ ತಾಳ ತಪ್ಪದೆ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ.

"ಅವರು ಪಿಎಚ್‌ಡಿ ವಿದ್ಯಾರ್ಥಿನಿ ಕಣೋ, ನಮ್ಮ ಹಾಗೆ ಎರಡು ತಿಂಗಳಿಗೆ ಬಂದವರಲ್ಲ" ಅಂದ ಹಳಬ. "ಮತ್ತೆ 1974ರ ನೊಬೆಲ್ ಬಂದದ್ದು ಅವರ ಗೈಡಿಗೆ."

"ಅದಕ್ಕೇ ನಾನು ಶೀಟಿನ ಒಂದು ಕಾಪಿ ಮನೆಗೆ ಒಯ್ಯುತ್ತಿರುವುದು!"

"ಅನುಮತಿ ಕೇಳಿದೆಯಾ?"

ಕೇಳಿರಲಿಲ್ಲ. ಡೇಟಾ ಲ್ಯಾಬಿನದು, ಕೇಳದೆ ಒಯ್ಯುವ ಹಾಗಿಲ್ಲ. ಅಲ್ಲೇ ಕೂತು ಮೇಡಂಗೆ ಮೆಸೇಜ್ ಹಾಕಿದ. ಎರಡೇ ನಿಮಿಷಕ್ಕೆ ಉತ್ತರ ಬಂತು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ಟೆಲಿಸ್ಕೋಪಿನವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಒಂದು ಬಗೆಯ ವಿಚಿತ್ರ ಸಿಗ್ನಲ್ ಎಲ್ಲಿಂದ ಅಂತ 2015ರಲ್ಲಿ ಗೊತ್ತಾಯಿತು, ಅಲ್ಲಿನವರೇ ಮೈಕ್ರೋವೇವ್ ಒಲೆಯ ಬಾಗಿಲನ್ನು ಅದು ನಿಲ್ಲುವ ಮೊದಲೇ ತೆಗೆಯುತ್ತಿದ್ದರು, ನಿನ್ನದೂ ಹಾಗೇ ಇರಬಹುದು, ಆದರೂ ಒಯ್ದು ನೋಡು, ಏನಾದರೂ ಸಿಕ್ಕರೆ ಮೊದಲು ನನಗೆ ಹೇಳು. ಟೆಲಿಸ್ಕೋಪ್ ಅದನ್ನು ನಾಲ್ಕು ಸಲ ಓದಿದ. ಆಮೇಲೆ ಚಿರಋಣಿ ಮೇಲನ್ನು ಅಳಿಸಿ, ಎರಡೇ ಸಾಲಿನ ಹೊಸದೊಂದು ಬರೆಯತೊಡಗಿದ.

"ನೀನೇನು ಬಿಟ್ಟು ಬಂದೆ?" ಅಂತ ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಬಿಟ್ಟು ಬಂದದ್ದು ಒಂದು ಫೋಲ್ಡರ್. ನನಗೂ ಅದು ಹಿಂದಿನ ಯಾವುದೋ ಇಂಟರ್ನ್ ಬಿಟ್ಟು ಹೋಗಿದ್ದೇ. ಅದರಲ್ಲಿ ಫೈನಲ್ ಅಂತ ಒಂದು, ಫೈನಲ್ ಹೊಸದು ಅಂತ ಒಂದು, ನಿಜವಾದ ಫೈನಲ್ ಅಂತ ಒಂದು, ಮೂರು ಫೈಲು. ಕೆಲಸ ಮಾಡುವುದು ಟೆಸ್ಟ್ ಅನ್ನುವ ನಾಲ್ಕನೆಯದು. ಅದರ 214ನೇ ಸಾಲಿನ ಮೇಲೆ "ಈ ಸಾಲು ಮುಟ್ಟಬೇಡಿ" ಅಂತಷ್ಟೇ ಬರೆದಿತ್ತು. ಯಾಕೆ ಅಂತ ಇಲ್ಲ, ಯಾರು ಅಂತ ಇಲ್ಲ. ಆ ಪುಣ್ಯಾತ್ಮನಿಗೆ ನಾನು ಎಂಟು ವಾರ ದಿನಾ ಶಾಪ ಹಾಕಿದ್ದೇನೆ. ಐದನೇ ವಾರ, ಗೈಡ್ ಊರಿನಲ್ಲಿ ಇಲ್ಲದಾಗ, ಮುಟ್ಟಿಯೂ ಮುಟ್ಟಿದೆ. 312 ಜೀವಕೋಶ ಇದ್ದ ಫೋಟೋದಲ್ಲಿ ಪ್ರೋಗ್ರಾಂ ಮೈನಸ್ 7 ಎಣಿಸಿತು.

"ಮೈನಸ್?" ಅಂದಳು ಪಿಪೆಟ್. "ಏಳು ಜೀವಕೋಶ ನಾವೇ ಬಾಕಿ ಕೊಡಬೇಕಾ?"

ಸದ್ಯ, ಗಿಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಹಳೆಯದೆಲ್ಲ ಇರುತ್ತದಲ್ಲ, ಹಿಂದಿನ ಸ್ಥಿತಿಗೆ ತಂದು ಬಾಯಿ ಮುಚ್ಚಿಕೊಂಡು ಕೂತೆ. ಇವತ್ತು ಮಧ್ಯಾಹ್ನ, ಲಾಗಿನ್ ಬಂದ್ ಆಗಲು ಅರ್ಧ ಗಂಟೆ ಇರುವಾಗ, ಮುಂದೆ ಬರುವವರಿಗೆ ಎಲ್ಲವನ್ನೂ ವಿವರಿಸುವ ದೊಡ್ಡ ರೀಡ್‌ಮಿ ಬರೆಯೋಣ ಅಂತ ಕೂತವನು, ಫೋಲ್ಡರ್ ಯಾವುದು, ಫೋಟೋ ಎಲ್ಲಿದೆ, ಯಾವ ಫೈಲ್ ಓಡಿಸಬೇಕು ಅಂತ ಬರೆದು ಮುಗಿಸುವಷ್ಟರಲ್ಲಿ ಐದು ನಿಮಿಷ ಉಳಿದಿತ್ತು. 214ನೇ ಸಾಲಿಗೆ ಹೋದೆ. ಹಿಂದಿನವನ ಮಾತಿನ ಕೆಳಗೆ, "ಮುಟ್ಟಿದೆ. ಮೈನಸ್ 7 ಬಂತು. ದಯವಿಟ್ಟು ಮುಟ್ಟಬೇಡಿ" ಅಂತ ಬರೆದು, ನನ್ನ ಹೆಸರು ಹಾಕಿ, ಸೇವ್ ಮಾಡಿ ಬಂದೆ.

"ಯಾಕೆ ಅಂತ ಬರೆದೆಯಾ?"

"ಯಾಕೆ ಅಂತ ಗೊತ್ತಾಗಬೇಕಾದರೆ ಇನ್ನೊಂದು ವಾರ ಬೇಕಿತ್ತು."

ಆಗಲೇ ನನ್ನ ಫೋನ್ ಸದ್ದು ಮಾಡಿತು. ಗೈಡ್. ಮೊದಲ ಸಲ ಅವರಾಗಿಯೇ ಮೆಸೇಜ್ ಕಳಿಸಿದ್ದರು. "ಬರ್ತೀನಿ ಅಂದೆಯಲ್ಲ, ನಾಳೆ ಹತ್ತಕ್ಕೆ ಬಾ. 214ನೇ ಸಾಲು ನೋಡಬೇಕು. ಗೇಟಿನಲ್ಲಿ ಹೇಳಿದ್ದೇನೆ."

ಮೂವರೂ ಇಣುಕಿ ಓದಿದರು. ಹಳಬ ಎದ್ದು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ, "ನಾನು ಎರಡನೇ ವರ್ಷ ಬಂದದ್ದೂ ಹೀಗೇ" ಅಂದ.