ಬಿಡಿಎಸ್‌ಗೆ ದಾವಣಗೆರೆನಾ, ದುರ್ಗನಾ, ಬೆಂಗಳೂರಾ? ಆಪ್ಷನ್ ಎಂಟ್ರಿ ಹೇಗೆ ಹಾಕೋಣ

ವಿದ್ಯಾನಗರದ ಅಣ್ಣ:
ತಂಗಿ ನೀಟ್ ಬರೆದಿದ್ದಾಳೆ. ಈ ರ‍್ಯಾಂಕಿಗೆ ಸರ್ಕಾರಿ ಮೆಡಿಕಲ್ ಸಿಗುವುದಿಲ್ಲ, ಪ್ರೈವೇಟ್ ಮೆಡಿಕಲ್ ನಮ್ಮ ಕೈಗೆ ಎಟುಕುವ ಮಾತಲ್ಲ. ಮತ್ತೊಂದು ವರ್ಷ ಕೋಚಿಂಗ್‌ಗೆ ಕೂರುವುದಿಲ್ಲ, ಡೆಂಟಲ್ಲೇ (ಬಿಡಿಎಸ್) ಓದುತ್ತೇನೆ ಅನ್ನುತ್ತಾಳೆ. ಅವಳಿಗೆ ಅದು ಇಷ್ಟಾನೂ ಹೌದು, ಹಾಗಾಗಿ "ಡೆಂಟಲ್ ಬೇಡ" ಅನ್ನುವ ಉಪದೇಶ ದಯವಿಟ್ಟು ಬೇಡ. ಈಗ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ ಮಾಡಬೇಕು, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಹಾಕಬೇಕು. ನಮ್ಮೂರು ದಾವಣಗೆರೆಯಲ್ಲೇ ಎರಡು ಕಾಲೇಜಿವೆ, ಬಾಪೂಜಿ ಡೆಂಟಲ್ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಚಿತ್ರದುರ್ಗದಲ್ಲಿ ಎಸ್‌ಜೆಎಂ ಇದೆ. ಅಪ್ಪ ಮನೆಯಿಂದಲೇ ಓಡಾಡಲಿ ಅನ್ನುತ್ತಾರೆ. ಮಾವ ಮಾತ್ರ ಬೆಂಗಳೂರಿನ ಕಾಲೇಜಾದರೇನೇ ಬೆಲೆ ಅಂತ ಪಟ್ಟು ಹಿಡಿದಿದ್ದಾರೆ. ಯಾವುದನ್ನು ಮೇಲೆ ಹಾಕೋಣ? ಒಳಗಿದ್ದವರು ಹೇಳಿ.

ಬಿಳಿ ಕೋಟು:
ನಾನು ಈಗ ಇಂಟರ್ನ್. ಮೊದಲು ಒಂದು ವಿಷಯ. ನೀವು ಬರೆದ ಮೂರೂ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿವಿಗೇ ಸೇರಿದವು, ಬೆಂಗಳೂರಿನ ಬಹಳಷ್ಟು ಕಾಲೇಜುಗಳೂ ಅಷ್ಟೇ. ಪ್ರಶ್ನೆಪತ್ರಿಕೆ ಒಂದೇ, ಡಿಗ್ರಿನೂ ಒಂದೇ. ಮಾವನವರಿಗೆ ಇದನ್ನು ಹೇಳಿ.

ವ್ಯತ್ಯಾಸ ಶುರುವಾಗುವುದು ಮೂರನೇ ವರ್ಷದಲ್ಲಿ. ಮೊದಲೆರಡು ವರ್ಷ ಮೇಣದಲ್ಲಿ ಹಲ್ಲು ಕೆತ್ತುವುದು, ಪ್ಲಾಸ್ಟರ್ ಕಲಸುವುದು, ಆರ್ಟಿಕ್ಯುಲೇಟರ್ (ದವಡೆಯಂತೆ ಆಡುವ ಉಪಕರಣ) ಮೇಲೆ ಹಲ್ಲು ಜೋಡಿಸುವುದು, ಇದು ಎಲ್ಲಿ ಹೋದರೂ ಇದ್ದದ್ದೇ. ಮೂರನೇ ವರ್ಷದಿಂದ ಕ್ಲಿನಿಕಲ್ ಪೋಸ್ಟಿಂಗ್. ಇಷ್ಟು ಹಲ್ಲು ಕೀಳಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಸೆಟ್ ಹಲ್ಲು ಅಂತ ಕೋಟಾ ಇರುತ್ತೆ. ಅದಕ್ಕೆ ಪೇಷೆಂಟ್ ಬರಬೇಕಲ್ಲ? ನನ್ನ ಗೆಳತಿಯೊಬ್ಬಳು ಬೇರೆ ಊರಿನ ಕಾಲೇಜಲ್ಲಿ ಓದಿದಳು, ಹೆಸರು ಬೇಡ. ಸೆಟ್ ಹಲ್ಲಿನ ಕೋಟಾ ಮುಗಿಸಲು ಹಲ್ಲಿಲ್ಲದ ಅಜ್ಜಂದಿರನ್ನು ತಾನೇ ಹುಡುಕಿ, ಬಸ್ ಚಾರ್ಜು, ಊಟ ಕೊಟ್ಟು ಕರೆತರುತ್ತಿದ್ದಳು. ಒಂದು ಸೆಟ್ಟಿಗೆ ನಾಲ್ಕೈದು ಸಲ ಬರಬೇಕು, ಮೂರನೇ ಸಲಕ್ಕೆ ಅಜ್ಜ ಫೋನೇ ಎತ್ತುತ್ತಿರಲಿಲ್ಲವಂತೆ!

ಆದ್ದರಿಂದ ವೆಬ್‌ಸೈಟಿನ ಫೋಟೋ ಬಿಡಿ. ವಾರದ ಮಧ್ಯೆ ಬೆಳಿಗ್ಗೆ ಹತ್ತೂವರೆಗೆ ಓಪಿಡಿಗೆ (ಹೊರರೋಗಿ ವಿಭಾಗಕ್ಕೆ) ಹೋಗಿ ಸುಮ್ನೆ ಕೂತ್ಕೊಳ್ಳಿ. ಚೇರುಗಳು ತುಂಬಿವೆಯಾ, ಚೇರಿನ ಪಕ್ಕ ಕೆಲಸ ಮಾಡುತ್ತಿರುವುದು ಯಾರು ಅಂತ ನೋಡಿ. ಎಂಡಿಎಸ್ (ಬಿಡಿಎಸ್ ಆದಮೇಲಿನ ಪಿಜಿ ಕೋರ್ಸ್) ಇರುವ ಕಾಲೇಜಲ್ಲಿ ಕಲಿಸುವವರು ಜಾಸ್ತಿ, ಆದರೆ ಒಳ್ಳೆ ಕೇಸೆಲ್ಲ ಪಿಜಿಗಳ ಪಾಲಾಗುವುದೂ ಉಂಟು. ದವಡೆ ಹಲ್ಲಿನ ರೂಟ್ ಕೆನಾಲ್ ಬಂತೆಂದರೆ ಬಿಡಿಎಸ್ ಹುಡುಗರು ಎಂಜಲು ಎಳೆಯುವ ಸಕ್ಷನ್ ಪೈಪ್ ಹಿಡಿದು ನಿಲ್ಲಬೇಕು. ಅಲ್ಲಿಯ ಇಂಟರ್ನ್ ಒಬ್ಬರನ್ನು ಕ್ಯಾಂಟೀನಲ್ಲಿ ಹಿಡಿದು ನೇರವಾಗಿ ಕೇಳಿ: ನೀವೇ ಸ್ವತಃ ಎಷ್ಟು ಹಲ್ಲು ಕಿತ್ತಿದ್ದೀರಿ?

ಚಳ್ಳಕೆರೆ ಡೆಂಟಿಸ್ಟ್:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ನಮ್ಮ ಕಡೆ ಪೇಷೆಂಟ್‌ಗಳ ಬಾಯೇ ಬೇರೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಸೀಮೆಯ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ಮಿತಿ ಇದೆ, ಅದು ದಾಟಿದ ಊರುಗಳು ಎಷ್ಟೋ. ಹಲ್ಲು ಮೂಡುವ ಮೊದಲೇ, ಒಳಗೆ ಎನಾಮಲ್ (ಹಲ್ಲಿನ ಹೊರಪದರ) ಕಟ್ಟುವಾಗಲೇ ಕೆಡುತ್ತದೆ. ಹೊರಗೆ ಬರುವಾಗ ಸುಣ್ಣದ ಬಿಳಿ, ಆಮೇಲೆ ಕಂದು ಕಲೆ. ಮದುವೆಗೆ ಮುಂಚೆ "ಹಲ್ಲು ಬೆಳ್ಳಗೆ ಮಾಡಿಕೊಡಿ" ಅಂತ ಬರುವ ಹುಡುಗಿಯರಲ್ಲಿ ಹೆಚ್ಚಿನವರದು ಇದೇ. ಇನ್ನು ಚನ್ನಗಿರಿ ಕಡೆ ಅಡಿಕೆ ಬೆಳೆಯುವ ನಾಡು. ಗುಟ್ಕಾ ಜಗಿದು ಜಗಿದು ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದ ಹುಡುಗರೂ ಬರುತ್ತಾರೆ. ಇದನ್ನೆಲ್ಲ ಓದುವಾಗಲೇ ಕಣ್ಣಾರೆ ನೋಡಿದವರಿಗೆ ನಾಳೆ ಇಲ್ಲೇ ಕ್ಲಿನಿಕ್ ಇಟ್ಟರೆ ಕೈ ನಡುಗುವುದಿಲ್ಲ. ಬಾಪೂಜಿ 1979ರಿಂದ ಇದೆ, ಸುತ್ತಲಿನ ತಾಲ್ಲೂಕಿನವರಿಗೆ ಅಲ್ಲಿಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ನನ್ನ ಓಟು ಊರಿಗೇ.

ಮೆಜೆಸ್ಟಿಕ್ ಪ್ಯಾಸೆಂಜರ್:
ಸ್ವಲ್ಪ ತಡೀರಿ. ಎಲ್ಲರೂ ಊರು ಊರು ಅನ್ನುತ್ತಿದ್ದೀರಿ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜನ್ನು ಯಾಕೆ ಯಾರೂ ಎತ್ತುತ್ತಿಲ್ಲ? ಫೀ ಪ್ರೈವೇಟಿಗಿಂತ ಬಹಳ ಕಡಿಮೆ, ಪೇಷೆಂಟ್‌ಗೆ ಬರವಿಲ್ಲ. ರ‍್ಯಾಂಕ್ ಸಾಲಲಿ ಬಿಡಲಿ, ಅದನ್ನೇ ಮೊದಲನೇ ಆಪ್ಷನ್ ಹಾಕಿ, ಆಮೇಲೆ ಬಳ್ಳಾರಿಯ ಸರ್ಕಾರಿ ಕಾಲೇಜು. ಹಾಕಿದ್ದಕ್ಕೆ ನಷ್ಟವೇನಿಲ್ಲ. ಬೆಂಗಳೂರಿನ ಪ್ರೈವೇಟ್ ಕಾಲೇಜಿಗೆ ಹಾಸ್ಟೆಲ್ಲೂ ಸೇರಿಸಿ ದುಡ್ಡು ಸುರಿಯುವುದು ಮಾತ್ರ ನನಗೂ ಸರಿ ಕಾಣುವುದಿಲ್ಲ.

ಇನ್ನೊಂದು, ಪ್ರೈವೇಟ್ ಕಾಲೇಜಲ್ಲೂ ಸರ್ಕಾರಿ ಕೋಟಾದ ಸೀಟಿರುತ್ತೆ, ಅದರ ಫೀ ಬೇರೆ, ಪ್ರೈವೇಟ್ ಸೀಟಿನ ಫೀ ಬೇರೆ. ಕಾಲೇಜಿನ ಹೆಸರು ಮಾತ್ರ ನೋಡಿ ಒತ್ತಬೇಡಿ, ಪಕ್ಕದ ಫೀ ಕಾಲಂ ಓದಿ.

ವಿದ್ಯಾನಗರದ ಅಣ್ಣ:
ಎಲ್ಲರಿಗೂ ಥ್ಯಾಂಕ್ಸ್. ಸರ್ಕಾರಿ ಎರಡನ್ನೂ ಮೇಲೆ ಹಾಕಿ, ಕೆಳಗೆ ಊರಿನ ಎರಡು, ಆಮೇಲೆ ದುರ್ಗ ಅಂತ ಅಂದುಕೊಂಡಿದ್ದೇವೆ. ಊರಿನ ಎರಡರಲ್ಲಿ ಯಾವುದು ಮೊದಲು ಅನ್ನುವುದನ್ನು ಓಪಿಡಿ ನೋಡಿ ಅವಳೇ ಹೇಳುತ್ತಾಳಂತೆ. ಮೊದಲ ರೌಂಡಲ್ಲಿ ಊರಲ್ಲೇ ಸಿಕ್ಕರೆ ಚಾಯ್ಸ್ 1 ಕೊಟ್ಟುಬಿಡೋದಾ?

ಬಿಳಿ ಕೋಟು:
ಚಾಯ್ಸ್ 1 ಕೊಟ್ಟರೆ ಅಲ್ಲಿಗೇ ಮುಗಿಯಿತು, ಮುಂದಿನ ರೌಂಡ್ ಇಲ್ಲ. ಸರ್ಕಾರಿಗೆ ಆಸೆ ಇದ್ದರೆ ಚಾಯ್ಸ್ 2. ಸಿಕ್ಕಿದ್ದು ಕೈಯಲ್ಲಿ ಇರುತ್ತೆ, ಮೇಲಿನದು ಬಂದರೆ ಮಾತ್ರ ಇದು ಹೋಗುತ್ತೆ. ಆದ್ದರಿಂದ ನಿಜವಾಗಿ ಹೋಗುವ ಮನಸ್ಸಿರುವ ಕಾಲೇಜನ್ನಷ್ಟೇ ಮೇಲಿಡಿ. ಬಳ್ಳಾರಿಗೆ ಕಳಿಸಲು ನಿಮ್ಮ ಅಪ್ಪ ಒಪ್ಪಿದ್ದಾರಾ, ಅದನ್ನು ಮೊದಲು ಕೇಳಿಕೊಳ್ಳಿ.