ಪುಟ್ಟಿ, ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡ

ಪುಟ್ಟಿ, ನಿನ್ನೆ ರಾತ್ರಿ ನಮ್ಮ ಮನೆಯವರ ಗ್ರೂಪಲ್ಲಿ ಹಾಕಿದ ಮೆಸೇಜ್ ಈಗ ನೋಡಿದೆ ಕಣೇ. ಕಂಪನಿ ಜೊತೆ ಕೇಸು ನಡೆಯುತ್ತಿರುವಾಗಲೇ ಬೇರೆ ಕೆಲಸ ಹುಡುಕಬಹುದಾ, ಯಾಕೆ ಬಿಡುತ್ತಿದ್ದೀರಿ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ ಏನು ಹೇಳಲಿ ಅಂತ ಕೇಳಿದ್ದೀಯಲ್ಲ. ಹುಡುಕು, ಧಾರಾಳವಾಗಿ ಹುಡುಕು. ಆದರೆ ವಕೀಲರಿಗೆ ತೋರಿಸದೆ ರಾಜೀನಾಮೆ ಕಾಗದಕ್ಕೆ ಸಹಿ ಹಾಕಬೇಡ.

ನನ್ನ ಓವರ್‌ಟೈಮ್ ಗಲಾಟೆ ನಿಮಗೆಲ್ಲ ಗೊತ್ತು. ಕೆಲಸ ಹೇಗೆ ಹೋಯಿತು ಅಂತ ಮಾತ್ರ ನಾನು ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ. 1997ರಲ್ಲಿ ನಾವು 5 ಜನ ಸೇರಿ ಓವರ್‌ಟೈಮ್ ದುಡ್ಡು ಕೊಡುತ್ತಿಲ್ಲ ಅಂತ ದೂರು ಕೊಟ್ಟೆವು. ಮಾರನೇ ವಾರವೇ ನನ್ನ ಮೇಜು ಸ್ಟೋರ್ ರೂಮ್ ಪಕ್ಕಕ್ಕೆ ಹೋಯಿತು. ಲೆಕ್ಕದ ಪುಸ್ತಕ ಎಲ್ಲ ಕಿತ್ತುಕೊಂಡರು. ಬೆಳಿಗ್ಗೆಯಿಂದ ಸಂಜೆವರೆಗೆ ಸುಮ್ನೆ ಕೂತಿರಬೇಕು. ಒಬ್ಬರೂ ಮಾತಾಡಿಸುವುದಿಲ್ಲ. ನಿನಗೂ ಈಗ ಹಾಗೇ ಆಗುತ್ತಿದೆ ಅಂತ ನಿಮ್ಮಮ್ಮ ಹೇಳಿದಳು, ಅದಕ್ಕೇ ಇಷ್ಟು ಹೇಳುತ್ತಿರುವುದು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಫೋನ್ ಬಂತು. ಒಂದನೇ ತಾರೀಕು ಬಂದುಬಿಡಿ, ಆರ್ಡರ್ ಆಮೇಲೆ ಕೊಡುತ್ತೇವೆ ಅಂದರು. ಅವತ್ತೇ ಹೋಗಿ ರಾಜೀನಾಮೆ ಕೊಟ್ಟೆ. ಅದನ್ನೂ ನಾನು ಬರೆದಿದ್ದಲ್ಲ, ಆಫೀಸಿನವರೇ ಟೈಪ್ ಮಾಡಿ ಇಟ್ಟಿದ್ದರು. ಸ್ವಂತ ಇಷ್ಟದಿಂದ ಬಿಡುತ್ತಿದ್ದೇನೆ, ನನಗೆ ಬರಬೇಕಾದ ಬಾಕಿ ಏನೂ ಇಲ್ಲ ಅಂತ ಇತ್ತು. ಓದಿದೆ. ಓದಿಯೂ ಸಹಿ ಹಾಕಿದೆ. ಆ ಮೇಜಿನಿಂದ ಎದ್ದು ಹೋದರೆ ಸಾಕಾಗಿತ್ತು ನನಗೆ.

ಹೊಸ ಕಡೆಯವರು ಹಳೆ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದರು. ಆಮೇಲೆ ಸದ್ಯಕ್ಕೆ ಬೇಡ ಅಂದರು. ಕೈಯಲ್ಲಿ ಒಂದು ಕಾಗದ ಇಲ್ಲ, ಏನು ಕೇಳಲಿ? 7 ತಿಂಗಳು ಮನೆಯಲ್ಲಿ ಕೂತೆ. ವಿಚಾರಣೆ ದಿನ ಹಳೆ ಆಫೀಸಿನ ವಕೀಲರು ಜಾಸ್ತಿ ವಾದವನ್ನೇ ಮಾಡಲಿಲ್ಲ. ನನ್ನ ಸಹಿ ಇದ್ದ ಆ ಎರಡು ಸಾಲು ಓದಿ ಕೂತರು. ಕೊನೆಗೆ ರಾಜಿಯಲ್ಲಿ ಸಿಕ್ಕಿದ್ದು ಬರಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ.

ಇನ್ನೊಂದು ಸಲ ಹೇಳುತ್ತೇನೆ ಪುಟ್ಟಿ. ಹೊಸ ಕೆಲಸದ ಆಫರ್ ಬರಹದಲ್ಲಿ ಬರಬೇಕು, ನಿನ್ನ ವಕೀಲರು ರಾಜೀನಾಮೆಯ ಒಂದೊಂದು ಸಾಲೂ ಓದಬೇಕು. ಅಲ್ಲಿವರೆಗೆ ಎಷ್ಟೇ ಸಿಟ್ಟು ಬಂದರೂ ಸಹಿ ಹಾಕಬೇಡ.

ದುಡ್ಡು ಹೋಗಿದ್ದನ್ನು ಮರೆತೆ. ಜೊತೆಗಿದ್ದ 4 ಜನ ಒಬ್ಬೊಬ್ಬರಾಗಿ ದೂರು ವಾಪಸ್ ತೆಗೆದುಕೊಂಡರಲ್ಲ, ಅದು ಮರೆಯುವುದಿಲ್ಲ. ಅವರಾದರೂ ಹೊರಗಿನವರು. ನಮ್ಮ ಮನೆಯಲ್ಲಿ? ಹೆಂಗಸಿಗೆ ಕೋರ್ಟು ಕಚೇರಿ ಯಾಕೆ ಅಂದವರು ಈ ಗ್ರೂಪಲ್ಲೇ ಇದ್ದಾರೆ. ಬೇಜಾರಾದರೆ ಆಗಲಿ, ಹೇಳುತ್ತೇನೆ. ಒಂದು ವಾಯಿದೆಗೂ ನನ್ನ ಜೊತೆ ಯಾರೂ ಬರಲಿಲ್ಲ. ಬೆಂಚಿನ ಮೇಲೆ ಒಬ್ಬಳೇ ಕೂತು ನನ್ನ ಹೆಸರು ಯಾವಾಗ ಕೂಗುತ್ತಾರೋ ಅಂತ ಕಾಯುತ್ತಿದ್ದೆ. ಈಗ ಇವಳಿಗೂ ಅದನ್ನೇ ಮಾಡಬೇಡಿ.

ಅಯ್ಯೋ, ನೀನು ಕೇಳಿದ್ದು ಇಂಟರ್‌ವ್ಯೂ ವಿಷಯ ಅಲ್ವಾ. ಅಲ್ಲಿ ಒಂದೇ ಮಾತು ಹೇಳು: ಇಲ್ಲಿ ನನ್ನ ಕೆಲಸಕ್ಕೆ ಮುಂದೆ ದಾರಿ ಕಾಣುತ್ತಿಲ್ಲ, ನಿಮ್ಮಲ್ಲಿ ಈ ಕೆಲಸ ಮಾಡಬೇಕು ಅಂತ ಬಂದಿದ್ದೇನೆ. ಅಷ್ಟು ಹೇಳಿ ನಿನಗೆ ಏನು ಬರುತ್ತೆ ಅನ್ನುವ ಕಡೆಗೆ ಮಾತು ತಿರುಗಿಸು. ಮ್ಯಾನೇಜರನ್ನು ಬೈಯಬೇಡ, ಅವರು ಬೈಗುಳಕ್ಕೆ ಅರ್ಹರೇ ಆದರೂ. ಕೇಸು ಇದೆಯಾ ಅಂತ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡ. ಇದೆ, ವಕೀಲರು ನೋಡಿಕೊಳ್ಳುತ್ತಿದ್ದಾರೆ ಅನ್ನು, ಸಾಕು. ಫಾರಂನಲ್ಲಿ ಸುಳ್ಳು ಬರೆದರೆ ಸಿಕ್ಕಿದ ಕೆಲಸವೂ ಹೋಗಬಹುದು. ವಿಚಾರಿಸಲು ಹಳೆ ಮ್ಯಾನೇಜರೊಬ್ಬರ ನಂಬರ್ ಕೊಡು, ಅವರನ್ನು ಮೊದಲೇ ಕೇಳಿ ಕೊಡು.

ಆಫೀಸ್ ಲ್ಯಾಪ್‌ಟಾಪಲ್ಲಿ, ಆಫೀಸ್ ಇಮೇಲಲ್ಲಿ ರೆಸ್ಯೂಮೆ ಕಳಿಸಬೇಡ, ವಕೀಲರಿಗೂ ಬರೆಯಬೇಡ. ಕಂಪನಿಯವರು ನೋಡಬಹುದು. ಎಲ್ಲೆಲ್ಲಿ ಅರ್ಜಿ ಹಾಕಿದೆ, ಯಾವ ತಾರೀಕು, ಏನು ಉತ್ತರ ಬಂತು ಅಂತ ಬರೆದಿಟ್ಟುಕೊ. ನಷ್ಟ ಕೇಳುವಾಗ ನೀನು ಸುಮ್ನೆ ಕೂತಿರಲಿಲ್ಲ ಅಂತ ತೋರಿಸಲು ಬೇಕಾಗುತ್ತದೆ. ರಾಜಿ ಮಾತು ಬಂದರೆ ದುಡ್ಡಿನ ಜೊತೆಗೆ ಅನುಭವ ಪತ್ರವನ್ನೂ ಕೇಳು. ಹೊಸ ಕಡೆಯಿಂದ ವಿಚಾರಿಸಿ ಫೋನ್ ಬಂದಾಗ ಕಂಪನಿಯವರು ಏನು ಹೇಳಬೇಕು ಅನ್ನುವುದನ್ನೂ ರಾಜಿ ಪತ್ರದಲ್ಲೇ ಬರೆಸಿಕೊ.

ವಾಯಿದೆ ಯಾವತ್ತು ಅಂತ ಹೇಳು ಪುಟ್ಟಿ, ನಾನು ಬರುತ್ತೇನೆ.